ಉಪ್ಪು ಹಾಕಿದ ಕೈ

ಮೊದಲೇ ಹೇಳಿಬಿಡ್ತೀನಿ, ನಮ್ಮನೆಯವರ ಹೆಸರು ಈಗಲೇ ಕೇಳಬೇಡಿ, ಬರೋ ಹೊತ್ತಿಗೆ ಬರುತ್ತೆ. ಸಂಸಾರದ ಮೊದಲ ಇಪ್ಪತ್ಮೂರು ವರ್ಷದಲ್ಲಿ ಆ ಹೆಸರನ್ನ ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಅದೂ ಮದುವೆಯಾಗಿ ಬಂದ ದಿನ, ಹೊಸಲಿನಲ್ಲಿ ಅಕ್ಕಿ ಸೇರು ಒದೆಯೋ ಮುಂಚೆ, ಹೆಸರು ಹೇಳದೆ ಒಳಗೆ ಬಿಡಲ್ಲ ಅಂತ ನಾದಿನಿಯರು ಅಡ್ಡ ನಿಂತಿದ್ದಕ್ಕೆ. ಗಂಡನ ಹೆಸರು ಕೂಗಿದರೆ ಅವನ ಆಯಸ್ಸು ಸವೆಯುತ್ತೆ ಅಂತ ನಮ್ಮತ್ತೆ ಹೇಳಿಕೊಟ್ಟಿದ್ರು. ನಗ್ತೀರೇನೋ, ನಗಿ. ನನಗೆ ‘ಇವರು’, ಊರಿಗೆ ‘ಭಟ್ರು’, ಅಷ್ಟರಲ್ಲೇ ಬದುಕು ನಡೆದುಹೋಯ್ತು.

ಹೊಳೆನರಸೀಪುರದಲ್ಲಿ ನಮ್ಮನೆ. ಇವರೂ ಇವರ ತಮ್ಮ ಈಶ್ವರನೂ ಮದುವೆ ಮುಂಜಿ ಅಡುಗೆ ಹಿಡೀತಿದ್ರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಕರೆದರೂ ಸೌಟು ಜಾಲರಿ ಕಟ್ಕೊಂಡು ಬಸ್ ಹತ್ತೋರು. ಇವರ ಹುಳಿ ಅಂದ್ರೆ ಜನ ಇನ್ನೊಂದು ಸೌಟು ಹಾಕಿಸಿಕೊಂಡು ಉಣ್ಣೋರು. ನಮ್ಮಲ್ಲಿ ಮಡಿ ಅಡುಗೆ. ದೇವರಿಗೆ ನೈವೇದ್ಯ ಆಗೋವರೆಗೂ ನಾಲಿಗೆಗೆ ತಾಕಿಸೋ ಹಾಗಿಲ್ಲ, ತಾಕಿಸಿದರೆ ಎಂಜಲು. ಉಪ್ಪು ಸರಿಯಿದೆಯೋ ಇಲ್ಲವೋ ಅಂತ ಹೇಳಬೇಕಾದ್ದು ಕೈ. ಮುನ್ನೂರು ಎಲೆಯ ಹುಳಿಗೆ ಇವರ ಕೈಯಲ್ಲಿ ನಾಲ್ಕು ಹಿಡಿ ಕಲ್ಲುಪ್ಪು. ಮೂರೂ ಅಲ್ಲ, ಐದೂ ಅಲ್ಲ. ಇಪ್ಪತ್ತು ವರ್ಷ ಒಂದು ಹರಳು ಆಚೀಚೆ ಆಗಿರಲಿಲ್ಲ.

ತೊಂಬತ್ನಾಲ್ಕನೇ ಇಸವಿ, ಅರಕಲಗೂಡಿನ ಒಂದು ಮದುವೆ. ಅಣ್ಣ ತಮ್ಮ ಇಬ್ಬರೂ ಕುದಿಯೋ ಸಾರಿನ ಕೊಳಗಕ್ಕೆ ಬೊಂಬು ಹಾಕಿ ಹೆಗಲ ಮೇಲೆ ಎತ್ಕೊಂಡು ಒಲೆಯಿಂದ ಪಡಸಾಲೆ ಕಡೆ ಬರ್ತಿದ್ರು. ನೆಲದ ಮೇಲೆ ಅನ್ನ ಬಸಿದ ಗಂಜಿ ಹರಿದಿತ್ತು. ಹಿಂದಿದ್ದ ಈಶ್ವರ ಜಾರಿದ. ಕೊಳಗ ಅವನ ಕಡೆಗೇ ವಾಲ್ತು. ಬೀಳ್ತಾ ಬೀಳ್ತಾ ಅಣ್ಣನ ಹೆಸರು ಹಿಡಿದು ಕೂಗಿದನಂತೆ. ಇವರು ತಿರುಗೋ ಹೊತ್ತಿಗೆ ಎಲ್ಲಾ ಆಗಿಹೋಗಿತ್ತು. ಅವನನ್ನ ಜೀಪಿನಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದರು. ಇವರೋ? ಎಲೆ ಹಾಕಿ ಆಗಿತ್ತು, ನಾನೂರು ಜನ ಕೂತಿದ್ರು, ಮದುವೆ ಮನೇಲಿ ಊಟ ನಿಲ್ಲಬಾರದು ಅಂತ ಯಾರೋ ದೊಡ್ಡ ಮನುಷ್ಯರು ಅಂದ್ರು. ಇವರು ಮತ್ತೆ ಒಲೆ ಮುಂದೆ ಹೋಗಿ ನಿಂತರು. ಬೇರೆ ಸಾರು ಮಾಡಿದರು. ಬಡಿಸಿದರು. ಅವತ್ತು ಬಡಿಸಿದ್ದು ಇವರಿಗೆ ಇವತ್ತಿಗೂ ನೆನಪಿಲ್ಲ. ಈಶ್ವರ ಒಂಬತ್ತನೇ ದಿನ ಹೋದ. ಅವನ ಹೆಂಡತಿ ಹೆರಿಗೇಲೇ ತೀರಿಕೊಂಡಿದ್ದಳು, ಹದಿನಾಲ್ಕು ವರ್ಷದ ಮಗಳು ಶರ್ವಾಣಿ ನಮ್ಮ ಮಡಿಲಿಗೆ ಬಂದಳು.

ಅಲ್ಲಿಂದ ಶುರು. ಸೌಟು ಹಿಡಿದು ನಿಂತವರು ನಿಂತೇ ಇರೋರು. ಕಣ್ಣು ತೆರೆದೇ ಇರುತ್ತೆ, ಕೈ ತಿರುವುತ್ತಾನೇ ಇರುತ್ತೆ, ಆದರೆ ಮುಖದಲ್ಲಿ ಯಾರೂ ಇಲ್ಲ. “ಏನೂಂದ್ರೆ” ಅಂದರೆ ಇಲ್ಲ, “ರೀ” ಅಂದರೆ ಇಲ್ಲ. ಒಂದ್ಸಲ ಕಾದ ಕೊಳಗದ ಕಿವಿಯನ್ನ ಬರಿಗೈಲಿ ಹಿಡಿದು ನಿಂತಿದ್ರು. ಅಂಗೈ ಬೊಬ್ಬೆ ಎದ್ದಿತ್ತು. ಇವರಿಗೆ ಅದು ಉರಿದಿದ್ದೇ ಗೊತ್ತಾಗಿರಲಿಲ್ಲ. ಅವತ್ತಿಂದ ನಾನೂ ಸೆರಗು ಕಟ್ಟಿ ಇವರ ಜೊತೆ ಅಡುಗೆಗೆ ಹೊರಟೆ. ಹೊರಗೆ ಸಹಾಯಕ್ಕೆ ಅಂದೆ, ಒಳಗೆ ಕಾವಲಿಗೆ.

ಊರವರು ಇದನ್ನ ಏನಂತ ಕರೆದ್ರು ಗೊತ್ತಾ? ಧ್ಯಾನ! “ಭಟ್ರು ಧ್ಯಾನದಲ್ಲಿ ಅಡುಗೆ ಮಾಡ್ತಾರೆ, ಅದಕ್ಕೇ ಆ ರುಚಿ” ಅಂತ. ನಮ್ಮ ಬಂಧುಗಳದ್ದು ಇನ್ನೊಂದು. ಈಶ್ವರನಿಗೆ ಸದ್ಗತಿ ಆಗಿಲ್ಲ, ಅಣ್ಣನ ಮೈ ಹೊಕ್ಕು ಅವನೇ ಅಡುಗೆ ಮಾಡ್ತಾನೆ ಅಂದ್ರು. ತಿಲಹೋಮ ಮಾಡಿಸಿದ್ದಾಯ್ತು, ಯಂತ್ರ ಕಟ್ಟಿಸಿದ್ದಾಯ್ತು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಒಲೆ ಮುಂದೆ ಇವರನ್ನ ನೋಡಿ, ‘ಈಶ್ವರ, ಬಿಡಪ್ಪ ನಿಮ್ಮಣ್ಣನ್ನ’ ಅಂತ ಮನಸ್ಸಲ್ಲೇ ಬೇಡಿಕೊಂಡಿದ್ದೇನೆ.

ಆಮೇಲೆ ಚನ್ನರಾಯಪಟ್ಟಣದ ಮುಂಜಿ ಬಂತು, ತೊಂಬತ್ತೆಂಟರಲ್ಲಿ. ನಾನು ಕೋಸಂಬರಿಗೆ ಸೌತೇಕಾಯಿ ಹೆಚ್ಚುತ್ತಾ ಬೆನ್ನು ಮಾಡಿ ಕೂತಿದ್ದೆ. ನೈವೇದ್ಯ ಆಯ್ತು, ಮೊದಲ ಪಂಕ್ತಿ ಕೂತ್ಕೊಂತು, ಹುಳಿ ಬಡಿಸಿದರು. ಒಬ್ಬರು ಮುಖ ಕಿವುಚಿದರು. ಇನ್ನೊಬ್ಬರು ಎಲೆ ಮೇಲೆ ಕೈ ಅಡ್ಡ ಇಟ್ಟರು. ಮುಂಜಿ ಹುಡುಗನ ತಾತ ಎದ್ದು ನಿಂತು, “ಏನ್ರೀ ಇದು, ಸಮುದ್ರ ತಂದು ಸುರಿದಿದೀರೇನ್ರೀ?” ಅಂದ್ರು. ನಾಲ್ಕು ಹಿಡಿ ಹಾಕಿ, ಹಾಕಿದ್ದೇ ಗೊತ್ತಾಗದೆ ಇನ್ನೂ ನಾಲ್ಕು ಹಾಕಿದ್ದರು. ಬಾಯಿಗೆ ಹಾಕಿ ನೋಡೋ ಹಾಗಿಲ್ಲ, ಪಕ್ಕದವರನ್ನ ಕೇಳೋಕೆ ಬಿಗುಮಾನ ಬಿಡಲ್ಲ. ಕೇಳಬಹುದಿತ್ತಲ್ಲ! ಮೂರು ಮಾರು ದೂರದಲ್ಲಿ ನಾನು ಕೂತಿದ್ದೆನಲ್ಲ!

ಇಪ್ಪತ್ತು ವರ್ಷದಿಂದ ಜೊತೆಗೆ ಅಡುಗೆ ಮಾಡ್ತಿದ್ದ ಗುಂಡಯ್ಯ ಬಸ್ಸಿನಲ್ಲಿ ಮೆತ್ತಗೆ, “ಇನ್ಮೇಲೆ ಉಪ್ಪು ನಾನು ಹಾಕ್ತೀನಿ ಭಟ್ರೇ” ಅಂದ. ಒಳ್ಳೇ ಮನಸ್ಸಿಂದಲೇ ಅಂದಿದ್ದು. ಇವರು ಕಿಟಕಿ ಕಡೆ ತಿರುಗಿದವರು ಹೊಳೆನರಸೀಪುರ ಬರೋವರೆಗೂ ಈ ಕಡೆ ನೋಡಲಿಲ್ಲ. ಮನೇಲಿ ಕೈಕಾಲು ತೊಳೆದು ಬಂದು ನನ್ನೆದುರು ಕೂತು, “ಶರ್ವಾಣಿ ಮದುವೆಗೆ ನಾನೇ ಅಡುಗೆ ಮಾಡ್ತೀನಿ ಅಂತ ಈಶ್ವರನ ಕೈ ಹಿಡಿದು ಮಾತು ಕೊಟ್ಟಿದೀನಿ ಕಣೇ. ಹೀಗಾದ್ರೆ ಹ್ಯಾಗೆ?” ಅಂದ್ರು. ಅತ್ತರು. ತಮ್ಮ ಸತ್ತಾಗಲೂ ಅಳದ ಮನುಷ್ಯ.

ಶರ್ವಾಣಿಗೆ ಆಗಲೇ ಗಂಡು ಗೊತ್ತಾಗಿತ್ತು, ಮುಂದಿನ ವೈಶಾಖಕ್ಕೆ ಮದುವೆ. ನನಗೆ ಊಟ ಸೇರದು, ಕೂತಲ್ಲಿ ಕೂರೋಕಾಗದು. ಇವರು ಬಚ್ಚಲಿಗೆ ಹೋಗಿ ಸ್ವಲ್ಪ ತಡವಾದರೂ ಹೋಗಿ ಬಾಗಿಲು ತಟ್ಟುತ್ತಿದ್ದೆ.

ದಾರಿ ತೋರಿಸಿದ್ದು ಯಾವ ಶಾಸ್ತ್ರಿಗಳೂ ಅಲ್ಲ, ಗೊರೂರು ಕಡೆಯಿಂದ ಸೌದೆ ಹಾಕುತ್ತಿದ್ದ ಬೋರಪ್ಪ. ಹಿತ್ತಲಲ್ಲಿ ಸೌದೆ ಇಳಿಸ್ತಾ ಇವರನ್ನ ಎರಡು ಸಲ ನೋಡಿ, ನನ್ನ ಹತ್ರ ಬಂದು ದನಿ ತಗ್ಗಿಸಿದ. “ಅಮ್ಮಾರೇ, ತಪ್ಪು ತಿಳ್ಕಬ್ಯಾಡಿ. ನಮ್ಮನೆಯೋಳ್ಗೂ ಇಂಗೇ ಆಗಿತ್ತು, ಮಗಾ ತೀರೋದ್ಮೇಲೆ. ಗಾಳಿ ಸೋಕದೆ ಅಂತ ಬೇವಿನ್ ಸೊಪ್ಪಲ್ಲಿ ಒಡ್ಸುದ್ವಿ. ಗಾಳಿನೂ ಅಲ್ಲ, ಮಣ್ಣೂ ಅಲ್ಲ ಕಣ್ರವ್ವಾ. ಆಸನ್ದಲ್ಲಿ ಷಡಕ್ಷರಿ ಅಂತ ಮನ್ಸಿನ್ ಡಾಕ್ಟ್ರವ್ರೆ. ಅಲ್ಲಿಗೆ ಕರ್ಕೊಂಡೋಗಿ.”

ಮನಸ್ಸಿನ ಡಾಕ್ಟರು ಅಂದ್ರೆ ಹುಚ್ಚರ ಡಾಕ್ಟರು ಅಂತಲೇ ನನ್ನ ಲೆಕ್ಕ. ಯಾರಾದರೂ ನೋಡಿದರೆ ಶರ್ವಾಣಿ ಮದುವೆ ಮುರಿಯುತ್ತಲ್ಲ ಅನ್ನೋ ದಿಗಿಲು ಬೇರೆ. ಕಣ್ಣಿನ ಡಾಕ್ಟರಿಗೆ ತೋರಿಸೋಕೆ ಅಂತ ಬೀದಿಗೆಲ್ಲ ಹೇಳಿ ಹಾಸನದ ಬಸ್ ಹತ್ತಿದೆವು.

ಆ ಷಡಕ್ಷರಿ ನನ್ನ ತಮ್ಮನ ವಯಸ್ಸಿನವರು. ಅವರು ಇವರನ್ನ ಕೇಳ್ತಾರೆ, ನಾನು ಉತ್ತರ ಹೇಳ್ತೀನಿ. ಮೂರು ಸಲ ಸಹಿಸಿಕೊಂಡರು, ನಾಲ್ಕನೇ ಸಲ, “ಅಮ್ಮಾ, ನಿಮಗೂ ಆಮೇಲೆ ಸಮಯ ಕೊಡ್ತೀನಿ, ಈಗ ಅವರು ಹೇಳಲಿ” ಅಂದ್ರು. ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಆಮೇಲೆ ಇವರು ಬಾಯಿಬಿಟ್ಟರು. “ನಾನು ಅಟ್ಟದ ಮೇಲಿಂದ ನೋಡ್ತಿರೋ ಹಾಗಿರುತ್ತೆ ಸಾರ್. ಕೆಳಗೆ ಯಾರೋ ಒಬ್ಬ ಭಟ್ಟ ಅಡುಗೆ ಮಾಡ್ತಿರ್ತಾನೆ. ಆ ಕೈ ನಂದು ಅಂತ ಗೊತ್ತು, ಆದ್ರೆ ನಂದು ಅನ್ನಿಸಲ್ಲ. ಮಾತು ಕೇಳುತ್ತೆ, ದೂರದಿಂದ. ಇಳಿದು ಬರೋಣ ಅಂದ್ರೆ ಏಣಿ ಸಿಗಲ್ಲ. ಕೆಲವು ಸಲ ಏನಾಯ್ತು ಅನ್ನೋದೇ ನೆನಪಿರಲ್ಲ.” ನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ ನನಗೆ ಇದನ್ನ ಒಂದು ದಿನ ಹೇಳಿರಲಿಲ್ಲ. ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಡಾಕ್ಟರು ಹುಚ್ಚು ಅನ್ನಲಿಲ್ಲ. ಫಿಟ್ಸ್ ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡಿಸಿ ನೋಡಿ, ಇಲ್ಲ ಅಂತಾದ ಮೇಲೆ ಎರಡನೇ ಭೇಟೀಲಿ ಬಿಡಿಸಿ ಹೇಳಿದರು. “ಇದಕ್ಕೆ ಡಿಸೋಸಿಯೇಷನ್ ಅಂತೀವಿ. ತಡೆಯೋಕೆ ಆಗದೇ ಇರೋದು ಕಣ್ಣೆದುರಿಗೆ ನಡೆದಾಗ ಮನಸ್ಸು ನಮ್ಮನ್ನ ಎತ್ತಿ ಪಕ್ಕಕ್ಕೆ ಇಟ್ಟುಬಿಡುತ್ತೆ, ನೋವು ತಾಕದಿರಲಿ ಅಂತ. ಅರಕಲಗೂಡಿನಲ್ಲಿ ಆ ದಿನ ಹಾಗೆ ಎತ್ತಿಟ್ಟಿದ್ದಕ್ಕೇ ನೀವು ನಿಂತು ಬಡಿಸೋಕಾಯ್ತು. ತಮ್ಮ ಬಿದ್ದ ಗಳಿಗೇಲಿ ಅಳೋಕೂ ಬಿಡದೆ ನಿಮ್ಮನ್ನ ಒಲೆ ಮುಂದೆ ನಿಲ್ಲಿಸಿದರಲ್ಲ, ಆ ಅಳು ಇನ್ನೂ ಒಳಗೇ ಇದೆ. ಒಲೆ, ಕೊಳಗ, ಗಂಜಿ ವಾಸನೆ ಕಂಡಾಗೆಲ್ಲ ಮನಸ್ಸು ಹಳೇ ಅಭ್ಯಾಸದ ಹಾಗೆ ಎತ್ತಿಡುತ್ತೆ. ಇದು ದೆವ್ವ ಅಲ್ಲ. ನಿಧಾನವಾಗಿ ಕಮ್ಮಿ ಆಗುತ್ತೆ.”

ತಿಂಗಳಿಗೆ ಎರಡು ಸಲ ಬರಬೇಕು, ಈಶ್ವರನ ವಿಷಯ ಮಾತಾಡಬೇಕು ಅಂದ್ರು. ಒಲೆ ಮುಂದೆ ನಿಂತಾಗ ಪಾದ ನೆಲಕ್ಕೆ ಒತ್ತಿ ಹಿಡೀಬೇಕು, ಮಾಡ್ತಿರೋ ಕೆಲಸ ಬಾಯಲ್ಲಿ ಹೇಳ್ಕೋಬೇಕು, ಅನುಮಾನ ಬಂದ್ರೆ ನಾಚಿಕೆ ಬಿಟ್ಟು ಕೇಳಬೇಕು. ಬಿಸಿ ಕೊಳಗ ಸದ್ಯಕ್ಕೆ ಹೊರಲೇಬಾರದು. ಆಮೇಲೆ ನನ್ನ ಕಡೆ ತಿರುಗಿ, “ಅವರು ದೂರ ಹೋದಾಗ ಹಿಡಿದು ಅಲುಗಾಡಿಸಬೇಡಿ, ಗಾಬರಿಯಾಗ್ತಾರೆ. ಹೆಸರು ಹಿಡಿದು ಕರೀರಿ. ಇದು ಯಾವ ಊರು, ಏನು ನಡೀತಿದೆ ಅಂತ ಹೇಳಿ. ಸ್ವಂತ ಹೆಸರು ಎಷ್ಟು ದೂರದಿಂದಲೂ ಕೇಳಿಸುತ್ತೆ. ಮನೇಲಿ ಯಾರು ಇವರನ್ನ ಹೆಸರು ಹಿಡಿದು ಕರೀತಾರೆ?” ಅಂತ ಕೇಳಿದರು.

ಯೋಚಿಸಿದೆ. ಅತ್ತೆ ಕರೀತಿದ್ರು, ಹೋಗಿಬಿಟ್ರು. ಈಶ್ವರ ಹೆಸರಿಗೆ ಅಣ್ಣ ಸೇರಿಸಿ ಕರೀತಿದ್ದ, ಅವನೂ ಇಲ್ಲ. ಶರ್ವಾಣಿಗೆ ದೊಡ್ಡಪ್ಪ, ಊರಿಗೆ ಭಟ್ರು, ನನಗೆ ಏನೂಂದ್ರೆ. ಭೂಮಿ ಮೇಲೆ ಆ ಹೆಸರು ಕೂಗೋರು ಒಬ್ಬರೂ ಉಳಿದಿರಲಿಲ್ಲ.

“ನಾನೇನು ಗಂಡನ ಹೆಸರು ಕೂಗೋದಾ? ಚೆನ್ನಾಗಿದೆ ಕಣ್ರೀ ನಿಮ್ಮ ಔಷಧಿ!” ಅಂದೆ. ಡಾಕ್ಟರು ನಕ್ಕರು.

ಆ ವರ್ಷವೆಲ್ಲ ಹಾಸನಕ್ಕೆ ಓಡಾಡಿದೆವು. ಇವರು ಈಶ್ವರನ ಬಗ್ಗೆ ಮಾತಾಡಿದರು, ಅತ್ತರು, ನಿದ್ದೆ ಮಾಡಿದರು. ದೂರ ಹೋಗೋದು ಕಮ್ಮಿ ಆಯ್ತು, ನಿಲ್ಲಲಿಲ್ಲ. ನಾನು ಹಿತ್ತಲಲ್ಲಿ ಪಾತ್ರೆ ಬೆಳಗ್ತಾ ಹೆಸರು ಹೇಳೋ ಅಭ್ಯಾಸ ಮಾಡಿದೆ. ಮೊದಲ ಅಕ್ಷರ ಬರೋದು, ಆಮೇಲೆ ಅತ್ತೆ ಮುಖ ನೆನಪಾಗಿ ನಾಲಿಗೆ ಹೊರಳ್ತಿರಲಿಲ್ಲ. ಕೂಗಿಬಿಟ್ಟು, ನಾಳೆ ಇವರಿಗೆ ಏನಾದರೂ ಆದರೆ?

ತೊಂಬತ್ತೊಂಬತ್ತರ ವೈಶಾಖ, ನಮ್ಮೂರ ಛತ್ರದಲ್ಲಿ ಮದುವೆ. ಧಾರೆ ಎರೆಯೋಕೆ ಶರ್ವಾಣಿಯ ಸೋದರಮಾವನಿಗೆ ಬಿಟ್ಟುಕೊಟ್ಟು ಇವರು ಒಲೆ ಮುಂದೆ ನಿಂತರು. “ಉಪ್ಪು?” ಅಂದ ಗುಂಡಯ್ಯ. “ನಾನೇ” ಅಂದ್ರು. ಬೆಳಗ್ಗೆಯಿಂದ ನಾನು ಇವರ ಮುಖ ಬಿಟ್ಟು ಬೇರೆ ಏನೂ ನೋಡಿರಲಿಲ್ಲ. ಹೋಳಿಗೆ ಕಣಕ ನಾದುವಾಗಲೂ ಕಣ್ಣು ಅಲ್ಲೇ. ಒಂಬತ್ತೂವರೆ ತನಕ ಎಲ್ಲಾ ಸರಿಯಾಗಿತ್ತು. “ಬೇಳೆ ಬೆಂದಿದೆ. ಹುಣಸೇಹಣ್ಣು ಬಿಡ್ತಾ ಇದೀನಿ” ಅಂತ ಬಾಯಲ್ಲಿ ಹೇಳ್ಕೋತಾನೇ ಇದ್ದರು. ಆಮೇಲೆ ಉಪ್ಪಿನ ಮರಿಗೆಗೆ ಕೈ ಹಾಕಿದರು. ಅದೇ ಹೊತ್ತಿಗೆ ಪಕ್ಕದಲ್ಲಿ ಅನ್ನ ಬಸಿದರು, ಗಂಜಿಯ ಹಬೆ ಎದ್ದಿತು. ಇವರ ಮಾತು ನಿಂತಿತು.

ನೋಡಿದೆ. ಮುಖದಲ್ಲಿ ಯಾರೂ ಇಲ್ಲ. ಮುಷ್ಟಿ ತುಂಬ ಉಪ್ಪು, ಕೈ ಗಾಳಿಯಲ್ಲಿ. ಆ ಕಡೆಯಿಂದ ಗುಂಡಯ್ಯ ಮತ್ತೊಬ್ಬ ಅಡುಗೆಯವನ ಜೊತೆ ಸಾರಿನ ಕೊಳಗ ಬೊಂಬಿಗೆ ಹಾಕಿ ಹೊತ್ಕೊಂಡು ಬರ್ತಿದ್ದಾನೆ. ಇವರು ನಿಂತಿರೋದು ಸರಿಯಾಗಿ ದಾರೀಲಿ. “ಭಟ್ರೇ, ದಾರಿ! ದಾರಿ ಭಟ್ರೇ!” ಇವರು ಅಲ್ಲಾಡಲಿಲ್ಲ. ಗುಂಡಯ್ಯನ ಕಾಲು ಗಂಜಿ ಮೇಲೆ ಒಂದು ಗೇಣು ಜಾರಿ ಮತ್ತೆ ನಿಂತಿತು. ಕೊಳಗ ತೂಗಾಡಿತು. ಹೊತ್ತವರು ಹಿಂದಕ್ಕೂ ಹೋಗೋ ಹಾಗಿಲ್ಲ. “ಏನೂಂದ್ರೆ!” ಅಂತ ಅರಚಿದೆ. ಇಲ್ಲ. ಆಯಸ್ಸು ಸವೆಯುತ್ತಂತೆ, ಸವೆಯೋಕೆ ಇವರು ಉಳಿದರೆ ತಾನೆ!

“ವೆಂಕಟರಾಮಯ್ಯಾ!”

ಛತ್ರದ ಮಾಡು ಹಾರೋ ಹಾಗೆ ಕೂಗಿದೆ. “ವೆಂಕಟರಾಮಯ್ಯ, ಇದು ಹೊಳೆನರಸೀಪುರ! ಶರ್ವಾಣಿ ಮದುವೆ! ಎಡಕ್ಕೆ ಬನ್ನಿ!”

ಇವರ ರೆಪ್ಪೆ ಬಡಿಯಿತು. ಎಡಕ್ಕೆ ಎರಡು ಹೆಜ್ಜೆ ಇಟ್ಟರು. ಕೊಳಗ ಇವರ ಪಕ್ಕದಲ್ಲೇ ಹಾದುಹೋಗಿ ಪಡಸಾಲೇಲಿ ಕ್ಷೇಮವಾಗಿ ಇಳೀತು. ಗುಂಡಯ್ಯ ಅಲ್ಲೇ ಕುಸಿದು ಕೂತ. ಬಾಗಿಲಲ್ಲಿದ್ದ ನನ್ನ ನಾದಿನಿ ಕೆನ್ನೆ ಕೆನ್ನೆ ಬಡ್ಕೊಂಡಳು. ನಾನು ಇವರ ಮುಂದೆ ಹೋಗಿ ನಿಂತೆ.

ಇವರು ಮುಷ್ಟಿ ಬಿಚ್ಚಿ ಉಪ್ಪು ನೋಡಿಕೊಂಡರು. ಆಮೇಲೆ ಅಷ್ಟು ಜನರ ಎದುರಿಗೆ, ಐದು ವರ್ಷದಲ್ಲಿ ಮೊದಲ ಸಲ, “ಚೂಡಾಮಣಿ, ನಾನು ಉಪ್ಪು ಹಾಕಿದ್ನಾ?” ಅಂತ ಕೇಳಿದರು.

“ಇಲ್ಲ. ಒಂದು ಹಿಡೀನೂ ಹಾಕಿಲ್ಲ. ನಾನು ನೋಡ್ತಾನೇ ಇದೀನಿ.”

ಪಾದ ನೆಲಕ್ಕೆ ಒತ್ತಿದರು. “ಒಂದು” ಅಂತ ಗಟ್ಟಿಯಾಗಿ ಹೇಳಿ ಉಪ್ಪು ಬಿಟ್ಟರು. ಕೈ ಮತ್ತೆ ಮರಿಗೆಗೆ ಹೋಗಿದ್ದು ಅಲ್ಲೇ ನಿಂತಿತು. ಮತ್ತೆ ಹೋದರಾ ಅಂತ ಮುಖ ನೋಡಿದೆ. ಆದರೆ ಇವರು ಎಲ್ಲೂ ಹೋಗಿರಲಿಲ್ಲ, ನನ್ನನ್ನೇ ನೋಡ್ತಿದ್ದರು.

“ಆಗಲೇ ಕರೆದಿದ್ದು ನೀನಾ?”

“ಇನ್ಯಾರು?”

“ಇನ್ನೊಂದು ಸಲ ಕರಿಯೇ.”

ನಾದಿನಿ ನೋಡ್ತಿದ್ದಳು, ಗುಂಡಯ್ಯ ನೋಡ್ತಿದ್ದ. ನೋಡಲಿ.

“ವೆಂಕಟರಾಮಯ್ಯನವರೇ,” ಅಂದೆ, “ಇನ್ನೂ ಮೂರು ಹಿಡಿ ಇದೆ, ಹಾಕಿ.”