ಗಡ್ಡೆ ಮಠದ ಹೆಂಗಸರು

ನಮ್ಮ ಹಟ್ಟಿ ತಳಕು ಎಂಬ ಊರಿನಿಂದ ಒಳಗೆ, ಒಂದು ಹಳೇ ಕೆರೆಯ ಮಗ್ಗುಲಲ್ಲಿ ಇತ್ತು. ಕೆರೆಯ ನಡುವೆ ಒಂದು ಗಡ್ಡೆ, ಅದರ ಮೇಲೆ ಪಾಳುಬಿದ್ದ ಕಲ್ಲಿನ ಮಠ. ಕೆರೆ ತುಂಬಿದ ವರ್ಷ ಗಡ್ಡೆಯ ಸುತ್ತ ನೀರು ನಿಲ್ಲುತ್ತಿತ್ತು. ಆದರೆ ಕೆರೆ ತುಂಬುವುದೇ ಅಪರೂಪವಾಗಿ, ಒಣಗಿದ ಅಂಗಳದಲ್ಲಿ ನಡೆದೇ ಹೋಗುತ್ತಿದ್ದೆವು. ಹೋಗುತ್ತಿದ್ದವರು ಹೆಂಗಸರು ಮಾತ್ರ. ಗಂಡಸರು ಆ ಕಡೆ ತಲೆಹಾಕುತ್ತಿರಲಿಲ್ಲ.

ಮುಟ್ಟಾದವರು ಹಟ್ಟಿಯೊಳಗೆ ಇದ್ದರೆ ದೇವರಿಗೆ ಮೈಲಿಗೆ ಎಂದು ನಮ್ಮವರು ನಂಬಿದ್ದರು. ಬೇರೆ ಹಟ್ಟಿಗಳಲ್ಲಿ ಮರದ ಕೆಳಗೋ ಗುಡಿಸಲಲ್ಲೋ ಕೂರುತ್ತಿದ್ದರು. ನಮ್ಮ ಹೆಂಗಸರಿಗೆ ಮಠವಿತ್ತು. ಹಿಂದೆ ಅಲ್ಲಿದ್ದ ಸ್ವಾಮಿಯೊಬ್ಬ ಮುನಿಸಿಕೊಂಡು ದೇವರನ್ನೂ ಹೊತ್ತುಕೊಂಡು ಹೋದನಂತೆ. ದೇವರಿಲ್ಲದ ಜಾಗವಾದ್ದರಿಂದ ಹೆಂಗಸರು ಇರಬಹುದು ಎಂದು ಹಿರಿಯರು ತೀರ್ಮಾನಿಸಿದ್ದರು.

ಅಲ್ಲಿ ಚೇಳುಗಳಿದ್ದವು, ಚಳಿಗಾಲದಲ್ಲಿ ಕಲ್ಲು ಕೊರೆಯುತ್ತಿತ್ತು. ಆದರೂ ಅವ್ವ, "ತಲೆ ಮ್ಯಾಲೆ ಸೂರಾದ್ರೂ ಐತಲ್ಲ" ಅನ್ನುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಊಟ ತಂದು ಗಡ್ಡೆಯ ಬುಡದ ಬಂಡೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಈ ವಿಷಯದಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಚೊಚ್ಚಲ ಮಗು ಎಳೆಯದರಲ್ಲೇ ಸತ್ತಾಗ, ತಾನು ಯಾವಾಗಲೋ ನಿಯಮ ತಪ್ಪಿದ್ದೇ ಕಾರಣ ಎಂದು ಅವಳಿಗೆ ಯಾರೋ ಹೇಳಿದ್ದರು. ಆ ಭಯ ಅವಳ ಎದೆಯಿಂದ ಇಳಿದೇ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಗೆ ಕಾಲೇಜಿಗೆ ಹೋಗುತ್ತಿದ್ದೆ. ಮಠದ ಗೋಡೆಗೆ ಒರಗಿಸಿದ ಒಂದು ಬರಹದ ಕಲ್ಲಿನ ಬಗ್ಗೆ ಇತಿಹಾಸದ ಮೇಡಂಗೆ ಹೇಳಿದೆ. ಒಂದು ಭಾನುವಾರ ಅವರು ಬಸ್ಸಿಳಿದು ಬಂದೇಬಿಟ್ಟರು. ಅಪ್ಪ ಮುಜುಗರದಿಂದ, "ಇವತ್ತು ಬ್ಯಾಡ ಮೇಡಂ, ಇವಳವ್ವ ಅಲ್ಲೈದಾಳೆ" ಎಂದ. "ಒಳ್ಳೇದೇ ಆಯ್ತು, ನೀರು ತಂದುಕೊಡೋಕೆ ಒಬ್ಬರಾದರು" ಎಂದು ಮೇಡಂ ನಡೆದೇಬಿಟ್ಟರು.

ಅವ್ವ ನೀರು ಹೊಯ್ದಳು, ಮೇಡಂ ಕಲ್ಲು ಉಜ್ಜಿದರು. ಸೀಮೆಸುಣ್ಣದ ಪುಡಿ ಸವರಿದ ಮೇಲೆ ಅಕ್ಷರಗಳು ಎದ್ದುಬಂದವು. ಮೇಲ್ಗಡೆ ಒಬ್ಬ ಹೆಂಗಸು ಮಣೆಯ ಮುಂದೆ ಕೂತಂತೆ ಕೆತ್ತಿದ್ದರು. ರೊಟ್ಟಿ ತಟ್ಟುತ್ತಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಮಣೆಯಲ್ಲ, ಓದುವ ಗ್ರಂಥವಿಡುವ ಪೀಠ ಎಂದರು ಮೇಡಂ. ಶಾಸನವನ್ನು ತಡೆತಡೆದು ಓದಿ ಅರ್ಥ ಹೇಳಿದರು. ನೂರಾರು ವರ್ಷಗಳ ಹಿಂದೆ ಅಲ್ಲಿ ಕಂತಿಯರು, ಅಂದರೆ ಜೈನ ಸನ್ಯಾಸಿನಿಯರು ಇದ್ದರು. ಅವರ ಊಟಕ್ಕೆಂದು ಊರವರು ಕೆರೆ ಕೆಳಗಿನ ಗದ್ದೆ ದಾನ ಬಿಟ್ಟಿದ್ದರು. ಅವರ ಗುರುವಾಗಿದ್ದ ಹಿರಿಯ ಕಂತಿ ಉಪವಾಸವಿದ್ದು ಪ್ರಾಣ ಬಿಟ್ಟಾಗ ಶಿಷ್ಯೆಯರು ಈ ಕಲ್ಲು ನಿಲ್ಲಿಸಿದರು.

"ಸ್ವಾಮಿ ಇರ್ಲಿಲ್ವಾ ಹಂಗಾರೆ?" ಅವ್ವ ಕೇಳಿದಳು.

"ಕಲ್ಲಲ್ಲಿ ಯಾವ ಸ್ವಾಮಿಯ ಹೆಸರೂ ಇಲ್ಲಮ್ಮ."

ಅವ್ವ ಕಲ್ಲಿನಲ್ಲಿ ಕೆತ್ತಿದ ಹೆಂಗಸಿನ ಕಡೆ ಕೈತೋರಿಸಿದಳು. "ಎಲ್ಲಾ ಹೆಂಗಸ್ರೇ ಅಂದ್ರಿ. ಮುಟ್ಟಾದಾಗ ಎಲ್ಲಿಗೋಗಿ ಕೂರ್ತಿದ್ರು ಮೇಡಂ ಅವ್ರು?"

ಮೇಡಂ ನಗಲಿಲ್ಲ. "ಅದನ್ನ ಯಾರೂ ಬರೆದಿಟ್ಟಿಲ್ಲ" ಎಂದರು.

ಸುದ್ದಿ ಹಬ್ಬಿತು. ಪತ್ರಿಕೆಯಲ್ಲಿ ಮೂಲೆಯಲ್ಲೊಂದು ಚಿತ್ರವೂ ಬಂತು. ಮೊಳಕಾಲ್ಮೂರು ಕಡೆಯಿಂದೆಲ್ಲ ಜನ ಬಂದು ಕಲ್ಲಿಗೆ ಕುಂಕುಮ ಹಚ್ಚಿ ಕೈಮುಗಿದು ಹೋದರು. ಆಗ ಹಿರಿಯರು ಸೇರಿ, ಇದು ಪುಣ್ಯಸ್ಥಳ, ಇನ್ನು ಮುಟ್ಟಾದವರು ಅಲ್ಲಿಗೆ ಕಾಲಿಡಬಾರದು ಎಂದು ಹೇಳಿ ಮುಳ್ಳುಬೇಲಿ ಹಾಕಿಸಿದರು. ಹೆಂಗಸರಿಗೆ ಕೆರೆ ಏರಿಯ ಹುಣಸೆಮರ ತೋರಿಸಿದರು. ಮೇಡಂರನ್ನು ಕರೆತಂದವಳು ನಾನೇ. ಆದರೂ ಅವ್ವ ನನ್ನನ್ನು ದೂರಲಿಲ್ಲ.

ಮುಂದಿನ ವರ್ಷ ಹಿಂಗಾರು ಜೋರಾಗಿ ಹಿಡಿಯಿತು. ಕೆರೆಗೆ ನೀರು ಬಂದು ಗಡ್ಡೆ ನಡುನೀರಿನಲ್ಲಿ ನಿಂತಿತು. ಹುಣಸೆಮರದ ಕೆಳಗಿದ್ದ ಅವ್ವ ಬೆಳಗಿನಿಂದ ನೆನೆದಳು. ಮಧ್ಯಾಹ್ನ ಎದ್ದು, ಹಟ್ಟಿಯೊಳಗೆ ನಡೆದುಬಂದು, ನಮ್ಮ ಮನೆಯ ಜಗುಲಿಯ ಮೇಲೆ ಕೂತಳು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಏನ್ ಮಾಡ್ದೆ ನೀನು? ಹೋಗು, ಹೋಗು."

"ಎಲ್ಲಿಗತ್ತೆ?" ಎಂದಳು ಅವ್ವ. "ಜಾಗ ಹೇಳಿ, ಹೋಗ್ತೀನಿ."

ಅಜ್ಜಿ ಕೆರೆಯ ಕಡೆ ನೋಡಿದಳು. ಅವ್ವನ ಸೀರೆಯಿಂದ ನೀರು ಜಗುಲಿಯ ತುಂಬ ಇಳಿಯುತ್ತಿತ್ತು. ಅಜ್ಜಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಅಂದುಕೊಂಡೆ. ಕಂಬಳಿ ತಂದು, ಮುಟ್ಟದೆ ದೂರದಿಂದಲೇ ಅವ್ವನ ಮೇಲೆ ಎಸೆದಳು.

ಸಂಜೆ ಹಿರಿಯರೊಬ್ಬರು ಕೇಳಲು ಬಂದರು. ಅಪ್ಪ ತಲೆತಗ್ಗಿಸಿ ನಿಂತ. ಅಜ್ಜಿಯೇ ಮುಂದೆ ಬಂದು, "ನನ್ನ ಮನೆ ಜಗುಲಿ. ದೇವ್ರು ಕೇಳಿದ್ರೆ ನಾನೇ ಹೇಳ್ಕೊಂತೀನಿ, ನೀವ್ ಹೋಗ್ರಿ" ಎಂದಳು. ಅಷ್ಟು ಹೇಳಿ ಒಳಗೆ ಬಂದವಳು ಅತ್ತಳು.

ಆಮೇಲೆ ಅಜ್ಜಿ ಹಲವು ವಾರ ನಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು, ಯಾರಿಗಾದರೂ ಜ್ವರ ಬಂದೀತೆಂದು. ಚಳಿಗಾಲದಲ್ಲಿ ಕುರಿಮರಿಗಳು ಸತ್ತಾಗ ಹಟ್ಟಿಯೆಲ್ಲ ನಮ್ಮ ಮನೆಯತ್ತ ತಿರುಗಿ ನೋಡಿತು. "ಹೋದ್ ವರ್ಷ ಸಾಯ್ಲಿಲ್ವಾ? ಆಗ ಯಾರು ಜಗುಲಿ ಮ್ಯಾಲೆ ಕೂತಿದ್ರು?" ಎಂದು ಅಜ್ಜಿ ಬೀದಿಯಲ್ಲಿ ನಿಂತು ಕೇಳಿದಳು. ಪಕ್ಕದ ಮನೆಯ ಸೊಸೆಯೂ ಮುಟ್ಟಾದಾಗ ಮರ ಬಿಟ್ಟು ತಮ್ಮ ಮನೆಯ ಜಗುಲಿಗೆ ಬಂದಳು, ನಿಧಾನವಾಗಿ ಇನ್ನೂ ಕೆಲವರು. ಎಲ್ಲರೂ ಬರಲಿಲ್ಲ.

ಆ ಚಳಿಯಲ್ಲೇ ಒಂದು ದಿನ ಮುಟ್ಟಾಗಿ ನಾನು ಚಾಪೆ ಸುತ್ತಿಕೊಂಡು ಜಗುಲಿಗೆ ಹೊರಟಿದ್ದೆ. ಒಲೆಯ ಮುಂದೆ ಕೂತಿದ್ದ ಅಜ್ಜಿ ನನ್ನ ಮುಖ ನೋಡದೆ, "ಗಾಳಿ ಬಾಳ ಐತೆ, ಒಳಗೇ ಹಾಸ್ಕೊ" ಎಂದಳು.