ಹಿತ್ತಲಿನ ಎಪ್ಪತ್ತೆರಡು

ಗಣಿಕೆ ಸೊಪ್ಪಿನ ಗಿಡದ ಬೇರಿನ ತುದಿಯನ್ನು ಬೆಳಿಗ್ಗೆ ಹತ್ತರೊಳಗೆ ಕತ್ತರಿಸಬೇಕು. ಅದರ ಜೀವಕೋಶಗಳು ಒಡೆದು ಎರಡಾಗುವ ಹೊತ್ತು ಅದು. ಆಗ ಮಾತ್ರ ಒಳಗಿನ ಕ್ರೋಮೋಸೋಮುಗಳು ಎಣಿಸುವಷ್ಟು ಸ್ಪಷ್ಟವಾಗಿ ಸಿಗುತ್ತವೆ. ಇದನ್ನು ಅಮ್ಮನಿಗೆ ಎಷ್ಟು ಸಲ ಹೇಳಿದ್ದೆನೋ. "ಮೊದ್ಲು ತಿಂಡಿ ತಿನ್ನು, ಬೇರು ಏನ್ ಓಡೋಗಲ್ಲ" ಎನ್ನುವುದು ಅಷ್ಟು ಸಲವೂ ಅವಳ ಉತ್ತರ.

ಬಂಗಾರಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ನಾನು ನಲವತ್ತು ದಾಟಿದ ಮೇಲೆ ಪಿಎಚ್.ಡಿಗೆ ಸೇರಿದ್ದೆ. ಮನೆ ಬೂದಿಕೋಟೆ ದಾಟಿ ಒಂದು ಹಳ್ಳಿಯಲ್ಲಿ. ನನ್ನ ಪ್ರಶ್ನೆ ಇಷ್ಟೆ: ನೋಡಲು ಹೆಚ್ಚುಕಮ್ಮಿ ಒಂದೇ ಥರ ಇರುವ ಗಣಿಕೆಯಲ್ಲಿ ಕೆಲವು ಗಿಡಗಳಿಗೆ ಇಪ್ಪತ್ನಾಲ್ಕು ಕ್ರೋಮೋಸೋಮು, ಕೆಲವಕ್ಕೆ ಅದರ ಎರಡರಷ್ಟು, ಕೆಲವಕ್ಕೆ ಮೂರರಷ್ಟು, ಅಂದರೆ ಎಪ್ಪತ್ತೆರಡು. ನಮ್ಮ ಸೀಮೆಯಲ್ಲಿ ಯಾವುದು ಎಲ್ಲಿ ಬೆಳೆಯುತ್ತದೆ? ಹೊಲ, ರೈಲು ಹಳಿಯ ಬದಿ, ಚರಂಡಿ ಅಂಚು ಎಲ್ಲ ಸುತ್ತಿ ಗಿಡ ಕಿತ್ತು ತಂದು, ಜಗಲಿಯ ಮೇಲೆ ಕುಂಡಗಳಲ್ಲಿ ನೆಟ್ಟು, ಒಂದೊಂದಕ್ಕೂ ಊರಿನ ಹೆಸರು ಬರೆದು ಅಂಟಿಸಿದ್ದೆ. ಬೇರಿನ ತುದಿಗಳನ್ನು ಸೀಸೆಯಲ್ಲಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಎಣಿಸಲು ಬೆಂಗಳೂರಿನ ರೈಲು ಹತ್ತುತ್ತಿದ್ದೆ. ಪಕ್ಕದಲ್ಲಿ ಕೂತವರು ಉಪ್ಪಿನಕಾಯಿಯಾ ಎಂದು ಕೇಳುತ್ತಿದ್ದರು.

ಯಾವುದು ಎಲ್ಲಿ ಎಂಬ ನಕ್ಷೆ ಚೆನ್ನಾಗಿ ಮೂಡುತ್ತಿತ್ತು. ಬೂದಿಕೋಟೆ ಕಡೆಯ ಹೊಲಗಳಲ್ಲಿ ಇಪ್ಪತ್ನಾಲ್ಕು. ಬಂಗಾರಪೇಟೆಯ ಹಳಿಗಳ ಬದಿಯಲ್ಲಿ ಕೆಂಪು ಹಣ್ಣಿನ ನಲವತ್ತೆಂಟು. ಆಂಡರ್ಸನ್‌ಪೇಟೆಯ ಓಣಿಗಳಿಂದ, ಚಿನ್ನದ ಗಣಿಯ ತ್ಯಾಜ್ಯ ಸುರಿದು ಎದ್ದ ಸೈನೈಡ್ ಗುಡ್ಡದ ಬುಡದವರೆಗೆ ಅಗಲ ಎಲೆ, ದಪ್ಪ ಹಣ್ಣಿನ ಎಪ್ಪತ್ತೆರಡು. ನನ್ನ ಮಾರ್ಗದರ್ಶಕರು ಹೊಗಳುವ ಪೈಕಿಯವರಲ್ಲ. ಆ ನಕ್ಷೆ ನೋಡಿ ಅವರು "ಹ್ಞೂಂ" ಅಂದದ್ದೇ ನನಗೆ ವಾರವಿಡೀ ಸಾಕಾಯಿತು. ಮಳೆಗಾಲ ಮುಗಿಯುವುದರೊಳಗೆ ನಕ್ಷೆ ಮುಗಿಸಿಕೊಡಬೇಕಿತ್ತು. ನನಗೆ ಸಿಕ್ಕಿದ್ದ ಕೊನೆಯ ವಾಯಿದೆ ಅದು. ತಪ್ಪಿದರೆ ನೋಂದಣಿಯೇ ರದ್ದು.

ಹಾಗಿರುವಾಗ ನಮ್ಮೂರಿನ ಹೆಸರು ಅಂಟಿಸಿದ್ದ ಮೂರು ಕುಂಡಗಳಲ್ಲಿ ಎಪ್ಪತ್ತೆರಡು ಬಂತು. ಮತ್ತೆ ಎಣಿಸಿದೆ, ಎಪ್ಪತ್ತೆರಡೇ. ಮಾರ್ಗದರ್ಶಕರು ಸೂಕ್ಷ್ಮದರ್ಶಕದ ಮುಂದಿನಿಂದ ನನ್ನನ್ನು ಎಬ್ಬಿಸಿ ತಾವೇ ಕೂತು ಎಣಿಸಿದರು. ಕನ್ನಡಕ ತೆಗೆದು ಒರೆಸಿ, "ಏನಮ್ಮಾ ಇದು, ಹೊಲದ ನಡುವೆ ಇದೆಲ್ಲಿಂದ ಬಂತು? ಸೆಮಿನಾರಿನಲ್ಲಿ ಮೊದಲು ಇದನ್ನೇ ಹೇಳಿ" ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು ಅಮ್ಮನಿಗೆಂದು ಪಾನಿಪುರಿ ಕಟ್ಟಿಸಿಕೊಂಡು ಬಸ್ಸು ಹಿಡಿದೆ.

ಅಮ್ಮ ಪೂರಿ ಬಾಯಿಗಿಟ್ಟುಕೊಂಡು ನನ್ನ ಮಾತು ಕೇಳುತ್ತಿದ್ದವಳು ಅಗಿಯುವುದನ್ನೇ ನಿಲ್ಲಿಸಿದಳು.

"ಯಾವ ಮೂರು ಕುಂಡ?"

ತೋರಿಸಿದೆ.

"ಅದಾ," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತು ನೆಂಟ್ರು ಬಂದಿದ್ರು ಕಣೆ. ಮನೇಲಿ ಒಂದು ತರ್ಕಾರಿ ಇರ್ಲಿಲ್ಲ. ಜಗಲಿ ಮ್ಯಾಲೆ ಸೊಪ್ಪು ಒಸದಾಗಿತ್ತು. ಕಿತ್ತು ಬಸ್ಸಾರು ಮಾಡ್ಬುಟ್ಟೆ."

"ಮತ್ತೆ ಕುಂಡದಲ್ಲಿ ಇದ್ದದ್ದು?"

"ಬರೀ ಕುಂಡ ನೋಡಿದ್ರೆ ನೀನು ಕೂಗಾಡ್ತೀಯ ಅಂತ ಇತ್ಲಿಂದ ಒಳ್ಳೆ ಗಿಡ ತಂದು ಇಕ್ಕಿದೆ. ನಿನ್ನವಕ್ಕಿಂತ ಚೆನ್ನಾಗಿದ್ವು."

ನಾನು ಕೂಗಾಡಿದೆ. ಇಷ್ಟು ವರ್ಷದ ಕೆಲಸ ಸಾರಿಗೆ ಬಿತ್ತು, ನೆಂಟರಿಗೆ ಸೂಕ್ಷ್ಮದರ್ಶಕವನ್ನೂ ಒಗ್ಗರಣೆ ಹಾಕಿ ಬಡಿಸಬೇಕಿತ್ತು, ಇನ್ನೂ ಏನೇನೋ. ಅಮ್ಮ ಶಾಂತವಾಗಿ ಇನ್ನೊಂದು ಪೂರಿಗೆ ಪಾನಿ ತುಂಬಿಕೊಂಡಳು.

ಕೋಪ ಇಳಿದ ಮೇಲೆ ತಲೆಗೆ ಹೊಳೆಯಿತು. ಗಿಡ ಬದಲಾಗಿದ್ದರೂ ಅದು ನಮ್ಮ ಹಿತ್ತಲಿನದೇ ಅಲ್ಲವೆ? ಬಚ್ಚಲ ನೀರು ಹರಿಯುವ ಕಡೆ ಹೋಗಿ ನೋಡಿದೆ. ಅಂಗೈ ಅಗಲದ ಎಲೆ, ದಪ್ಪ ಕಪ್ಪು ಹಣ್ಣು. ಹುಟ್ಟಿದಾಗಿನಿಂದ ತಿಂದ ಸೊಪ್ಪು ಅದು. ಒಂದು ದಿನವೂ ಅದನ್ನು ನೋಡಿರಲಿಲ್ಲ. ಸಂಶೋಧನೆ ಎಂದರೆ ಮನೆಯಿಂದ ದೂರ ನಡೆಯುವುದು ಎಂದುಕೊಂಡಿದ್ದೆ.

"ಇದು ಯಾವಾಗಿಂದ ಇದೆ?" ಎಂದು ಕೇಳಿದೆ.

"ನಾನು ಬಂದಾಗಿಂದ. ನಿಮ್ಮೂರಿನ ಸೊಪ್ಪು ಬರೀ ಕಹಿ. ಬಾಯಿಗೆ ಇಕ್ಕಕ್ಕಾಗ್ಲಿಲ್ಲ. ಮೊದ್ಲನೇ ಸಲ ತವರಿಗೆ ಓದಾಗ ಮಣತ್ತಕ್ಕಾಳಿ ಅಣ್ಣು ಸೆರಗಿಗೆ ಕಟ್ಕೊಂಡು ಬಂದು ಇಲ್ಲಿ ಕಿವುಚಿ ಎಸೆದೆ."

ಅಮ್ಮನ ತವರು ಆಂಡರ್ಸನ್‌ಪೇಟೆ. ಗಣಿಕೆಗೆ ಅವಳು ಇವತ್ತಿಗೂ ಅಲ್ಲಿಯ ತಮಿಳು ಹೆಸರನ್ನೇ ಹೇಳುತ್ತಾಳೆ. ನನಗೆ ನಗು ತಡೆಯಲಾಗಲಿಲ್ಲ.

ಮರುದಿನದಿಂದ ಅಮ್ಮ ನನ್ನ ಜೊತೆ ಹೊರಟಳು. ಯಾರ್ಯಾರಿಗೆ ಸಸಿ ಕೊಟ್ಟಿದ್ದಳೋ ಆ ಮನೆಗಳ ಹಿತ್ತಲಿನಲ್ಲೆಲ್ಲ ಎಪ್ಪತ್ತೆರಡು. ಸುತ್ತ ಹೊಲಗಳಲ್ಲಿ ಹೊಸದಾಗಿ ಕಿತ್ತ ಗಿಡಗಳಲ್ಲಿ ಇಪ್ಪತ್ನಾಲ್ಕೇ. ಆದರೆ ನಮ್ಮ ಪಕ್ಕದ ಮನೆಯ ಹಿತ್ತಲಿನಲ್ಲೂ ಇಪ್ಪತ್ನಾಲ್ಕು ಬಂತು. ಮಾರ್ಗದರ್ಶಕರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ಗೋಡೆಯ ಈ ಕಡೆ ಎಪ್ಪತ್ತೆರಡು, ಆ ಕಡೆ ಇಪ್ಪತ್ನಾಲ್ಕು. ಮಣ್ಣು ಒಂದೇ, ನೀರು ಒಂದೇ. ಕಾರಣ?"

ಕಾರಣ ನನಗೆ ಗೊತ್ತಿತ್ತು. ನಮ್ಮ ಬಚ್ಚಲ ನೀರು ಅವರ ಅಂಗಳಕ್ಕೆ ಹರಿಯಿತೆಂದು ಜಗಳವಾಗಿ ಅಮ್ಮನೂ ಆ ಮನೆಯಾಕೆಯೂ ಮಾತು ಬಿಟ್ಟು ನನ್ನ ವಯಸ್ಸಿನಷ್ಟೇ ವರ್ಷವಾಗಿತ್ತು. ಅದನ್ನೇ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ "ಸಸಿ ವಿನಿಮಯವಿಲ್ಲದ ಮನೆ ಅಂತ ಬರೀರಿ" ಎಂದು ನಕ್ಷೆಗೆ ಸಹಿ ಹಾಕಿದರು. ವಾಯಿದೆಗೆ ಇನ್ನೂ ನಾಲ್ಕು ದಿನ ಉಳಿದಿತ್ತು.

ನಕ್ಷೆಯನ್ನು ತಂದು ಅಮ್ಮನ ಮುಂದೆ ಹರಡಿದೆ. ಓದಲು ಬಾರದಿದ್ದರೂ ಅವಳು ಚುಕ್ಕೆಗಳನ್ನು ಬೇಗ ಗುರುತು ಹಿಡಿದಳು. ಇದು ತವರು, ಇದು ನಾವು, ಇದು ಹಾಲಿನ ಡೈರಿ ಪಕ್ಕದವರು. ಬೆರಳು ಪಕ್ಕದ ಮನೆಯ ಚುಕ್ಕೆಯ ಮೇಲೆ ನಿಂತಿತು.

"ಮನೆಗಳ್ಗೆಲ್ಲ ಒಂದು ಬಣ್ಣ, ಇದ್ಕೆ ಮಾತ್ರ ಯಾಕೆ ಬೇರೆ?"

"ನೀನು ಅವರಿಗೆ ಕೊಡಲಿಲ್ಲವಲ್ಲ."

"ಇದನ್ನ ಎಲ್ರೂ ನೋಡ್ತಾರಾ?"

"ನೋಡ್ತಾರೆ."

ಅಮ್ಮ ಎದ್ದು ಒಳಗೆ ಹೋದಳು.

ಮುಂದಿನ ಮಳೆಗೆ ನನ್ನ ಪದವಿಯೂ ಕೈಗೆ ಬಂತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಗೋಡೆಯಾಚೆ ಇಣುಕಿದರೆ ಪಕ್ಕದ ಮನೆಯ ಬಚ್ಚಲ ಮೋರಿಯ ಬಳಿ ಅಂಗೈ ಅಗಲದ ಎಲೆಗಳು. ಪಕ್ಕದಲ್ಲಿ ಆ ಮನೆಯಾಕೆ ಮತ್ತು ಅಮ್ಮ ಕುಕ್ಕರಗಾಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಅಮ್ಮಾ, ನನ್ನ ನಕ್ಷೆ ಸುಳ್ಳಾಯ್ತು" ಎಂದೆ.

"ಸುಳ್ಳಾದ್ರೆ ತಿದ್ಕೊ" ಎಂದಳು ಅಮ್ಮ. ಆಕೆ ತಲೆಯೆತ್ತಿ, ಮಧ್ಯಾಹ್ನ ಊಟಕ್ಕೆ ನೀನೂ ಬಾ ಎಂದು ನನ್ನನ್ನು ಕರೆದರು.