ಕನ್ನಿಕೆಯರಿಗೆ ಕೊಡದ ಬಳೆ

ಮೊಮ್ಮಗಳ ಮೊಬೈಲ್ ಆಟದಲ್ಲಿ ಇವತ್ತು ಒಂದು ಕಿನ್ನರಿ ಲೋಕ ಕಂಡೆ. ಕೊಳದ ನಡುವೆ ಬಾಗಿಲು, ಬಾಗಿಲಲ್ಲಿ ರೆಕ್ಕೆಯ ಹುಡುಗಿಯರು. ಉಡುಗೊರೆ ಕೊಟ್ಟರೆ ಒಳಗೆ ಬಿಡುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು.

ಮೇಳಿಗೆ ಊರ ಕಡೆಯ ನಮ್ಮ ಹಳ್ಳಿಯ ಕೆರೆಯ ತಳದಲ್ಲೂ ಕನ್ನಿಕೆಯರ ಲೋಕವಿದೆ ಎನ್ನುತ್ತಿದ್ದರು. ಅಲ್ಲಿ ಚಿನ್ನದ ಮನೆ, ಬಾಡದ ಹೂವು, ಮುಪ್ಪಿಲ್ಲದ ಹೆಣ್ಣುಗಳು. ಪ್ರತಿ ವರ್ಷ ಮಳೆ ನಿಂತ ಮೇಲೆ ಮದುವೆಯಾಗದ ಹುಡುಗಿಯೊಬ್ಬಳು ಬಾಳೆಲೆಯಲ್ಲಿ ಹಸಿರು ಬಳೆ ಇಟ್ಟು ನೀರಿಗೆ ಬಿಡಬೇಕು. ಇಲ್ಲದಿದ್ದರೆ ಬೇಸಿಗೆಗೆ ಕೆರೆ ಬತ್ತಿ, ಗೇಣಿಗೆ ಮಾಡಿದ ಗದ್ದೆ ಒಣಗುತ್ತದೆ ಎಂಬ ಹೆದರಿಕೆ.

ಹಾಗೆ ಹೋದ ನಮ್ಮಕ್ಕ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಮುಳುಗಿದಳು. ಹೂಳಿನಲ್ಲಿ ಹೆಣವೂ ಸಿಗಲಿಲ್ಲ. ಊರವರು ನಮ್ಮನ್ನು ಅಳಲೂ ಬಿಡಲಿಲ್ಲ. "ಪುಣ್ಯವಂತೆ, ಕನ್ನಿಕೆಯರೇ ಕರ್ಕಂಡ್ರು" ಅಂದರು.

ಮರುವರ್ಷ ನನ್ನ ಸರದಿ. ಅಪ್ಪಯ್ಯ ತಲೆ ತಗ್ಗಿಸಿಕೊಂಡೇ ಬಳೆ ತಂದಿಟ್ಟರು. ಅವ್ವ ಅವನ್ನು ಒರಳಿಗೆ ಸುರಿದು ಒನಕೆಯಿಂದ ಪುಡಿಪುಡಿ ಮಾಡಿದಳು.

"ಒಬ್ಬಳನ್ನ ನುಂಗಿದ್ದು ಸಾಕಾಗ್ಲಿಲ್ವಾ ಆ ಮಾರಿಗಳಿಗೆ? ಬೇಕಾದ್ರೆ ನೀವೇ ಬಳೆ ತೊಟ್ಕಂಡು ಹೋಗಿ!"

"ಕೆರೆ ಬತ್ತಿದ್ರೆ ಎಂತ ಮಾಡೋದು?" ಎಂದರು ಅಪ್ಪಯ್ಯ.

"ಬತ್ಲಿ. ತಳ ಕಾಣ್ಲಿ. ನನ್ ಮಗಳು ಯಾವ ಚಿನ್ನದ ಮನೇಲಿದಾಳೆ ಅಂತ ನಾನೂ ನೋಡ್ತೀನಿ."

ಆ ವರ್ಷ ಬಳೆ ಬಿಡಲಿಲ್ಲ, ಕೆರೆ ಬತ್ತಲೂ ಇಲ್ಲ. ಬತ್ತಿ ತಳ ತೋರಿಸದ ಆ ಕೆರೆಯ ಮೇಲೂ ಅವ್ವನಿಗೆ ಸಾಯುವ ತನಕ ಸಿಟ್ಟಿತ್ತು.

"ಅಜ್ಜಿ, ಈ ಕಿನ್ನರಿ ಬಳೆ ಕೇಳ್ತಿದಾಳೆ. ಕೊಡ್ಲಾ?" ಎಂದಳು ಮೊಮ್ಮಗಳು.

"ಕೊಡಬೇಡ," ಅಂದೆ. "ಮೊದ್ಲು ನಮ್ಮಕ್ಕನ್ನ ವಾಪಸ್ ಕಳ್ಸು ಅಂತ ಹೇಳು ಅವ್ಳಿಗೆ."